ರಮಾಬಾಯಿ ಮತ್ತು ಚರ್ಚಿನ ಅಧಿಕಾರ

ಪಂಡಿತಾ ರಮಾಬಾಯಿ (1858–1922) ಕ್ರಿಸ್ತನನ್ನು ಒಪ್ಪಿದರು, ಚರ್ಚಿನ ಆಜ್ಞೆಯನ್ನು ಒಪ್ಪಲಿಲ್ಲ. ಇವೆರಡನ್ನೂ ಬೇರೆ ಮಾಡಿ ನೋಡಿದ್ದೇ ಅವರ ಧರ್ಮಚಿಂತನೆಯ ತಿರುಳು.

ಅವರು ಹುಟ್ಟಿದ್ದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಕಾರ್ಕಳ ಸೀಮೆಯ ಮಾಳದ ಅನಂತಶಾಸ್ತ್ರಿ ಡೋಂಗ್ರೆ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಆಕ್ಷೇಪ ಬಂದಾಗ ಅವರು ಶಾಸ್ತ್ರದ ಆಧಾರ ಕೊಟ್ಟೇ ಸಮರ್ಥಿಸಿಕೊಂಡವರು. ಗ್ರಂಥವನ್ನು ತಾನೇ ಓದಿ ತಾನೇ ನಿರ್ಣಯಿಸುವ ಪಟ್ಟು ಮಗಳಿಗೂ ಬಂತು.

1883ರ ಸೆಪ್ಟೆಂಬರ್ 29ರಂದು ಇಂಗ್ಲೆಂಡಿನ ವಾಂಟೇಜ್‌ನಲ್ಲಿ ರಮಾಬಾಯಿ ದೀಕ್ಷಾಸ್ನಾನ ಪಡೆದರು. ತಿಕ್ಕಾಟ ಶುರುವಾದದ್ದು ಆಮೇಲೆ. ತ್ರಯೈಕ್ಯ ತತ್ತ್ವವನ್ನು ಅವರು ಪ್ರಶ್ನಿಸಿದರು. ಕನ್ಯಾಜನನದ ಬಗೆಗೂ ಸಂದೇಹ ಮುಂದಿಟ್ಟರು. ಗುರುಸ್ಥಾನದಲ್ಲಿದ್ದ ಸಿಸ್ಟರ್ ಜೆರಾಲ್ಡೀನ್ ವಿಧೇಯತೆಯನ್ನು ಬಯಸಿದರೆ, ಇವರು ಬೈಬಲ್ಲಿನಲ್ಲಿ ಆಧಾರ ತೋರಿಸಿ ಎಂದರು. ಚೆಲ್ಟನ್‌ಹ್ಯಾಮ್‌ನಲ್ಲಿದ್ದಾಗ ಅವರು ಗಂಡಸರಿಗೆ ಪಾಠ ಹೇಳಬಾರದೆಂದು ಬಿಷಪ್ಪರು ತಡೆದರು. ಸ್ವದೇಶದ ಪುರೋಹಿತರ ನೊಗ ಕಳಚಿ ಬಂದವಳು ಇನ್ನೊಂದು ನೊಗಕ್ಕೆ ಹೆಗಲು ಕೊಡಲಾರೆ ಎಂಬುದು ಅವರ ನಿಲುವು. ಶಿಲುಬೆಯ ಮೇಲಿನ ಬರಹ ಕೂಡ ಲ್ಯಾಟಿನ್ನಿನ ಬದಲು ಸಂಸ್ಕೃತದಲ್ಲಿರಲಿ ಎಂದು ಹಟ ಹಿಡಿದರು.

14ನೇ ಶತಮಾನದ ಜಾನ್ ವಿಕ್ಲಿಫ್ ಸಹ ಪೋಪನಿಗಿಂತ ಧರ್ಮಗ್ರಂಥವೇ ಮೇಲೆಂದು ವಾದಿಸಿದ್ದ. ಸತ್ತ ದಶಕಗಳ ಮೇಲೆ, 1428ರಲ್ಲಿ, ಅವನ ಮೂಳೆಗಳನ್ನು ಅಗೆದು ತೆಗೆದು ಸುಟ್ಟರು. ರಮಾಬಾಯಿಗೆ ಅಂಥ ಶಿಕ್ಷೆಯ ಭಯವಿರಲಿಲ್ಲ, ನಿಜ. ಆದರೆ ಅವರು ಎದುರಿಸಿದ ಅಧಿಕಾರದಲ್ಲಿ ಪಾದ್ರಿತನದ ಜೊತೆಗೆ ಆಳುವ ಜನಾಂಗದ ಮತ್ತು ಗಂಡಸಿನ ದರ್ಪವೂ ಬೆರೆತಿತ್ತು.

ಗ್ರಂಥ ಚರ್ಚಿಗಿಂತ ದೊಡ್ಡದಾದರೆ ಅದರ ಅರ್ಥವನ್ನು ಹೇಳುವವರು ಯಾರು? ಓದಬಲ್ಲ ಪ್ರತಿಯೊಬ್ಬಳೂ ಎಂಬ ಉತ್ತರಕ್ಕೆ ಅವರು ಬದುಕಿನ ಕೊನೆಯ ವರ್ಷಗಳನ್ನು ಕೊಟ್ಟರು. ಪುಣೆ ಜಿಲ್ಲೆಯ ಕೇಡಗಾಂವದಲ್ಲಿ, ಬರಗಾಲದಲ್ಲಿ ದಿಕ್ಕಿಲ್ಲದಾದ ಹೆಣ್ಣುಮಕ್ಕಳಿಗಾಗಿ ಅವರು ಕಟ್ಟಿದ್ದು ಮುಕ್ತಿ ಮಿಷನ್. ಹೀಬ್ರೂ, ಗ್ರೀಕ್ ಕಲಿತು ಬೈಬಲ್ಲನ್ನು ಸರಳ ಮರಾಠಿಗೆ ತಂದದ್ದು ಅಲ್ಲಿಯೇ. ಅಚ್ಚುಮೊಳೆ ಜೋಡಿಸಿದವರೂ ಆಶ್ರಮದ ಹೆಂಗಸರೇ.

ಈ ಸ್ವಾತಂತ್ರ್ಯವನ್ನು ಅವರು ಇತರರಿಗೂ ಅಷ್ಟೇ ಕೊಟ್ಟರೇ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಹೆಣ್ಣುಮಕ್ಕಳಿಗಾಗಿ ಅವರು ನಡೆಸುತ್ತಿದ್ದ ಪುಣೆಯ ಆಶ್ರಯಶಾಲೆ ಶಾರದಾ ಸದನ ಧರ್ಮದ ವಿಷಯದಲ್ಲಿ ತಟಸ್ಥವಾಗಿರಬೇಕಿತ್ತು. ಹುಡುಗಿಯರು ಅವರ ಪ್ರಾರ್ಥನೆಗೆ ಬರತೊಡಗಿದಾಗ, 1893ರಲ್ಲಿ ಸುಧಾರಕರಾದ ರಾನಡೆ ಮತ್ತು ಭಂಡಾರ್ಕರ್ ಅದರ ಸಲಹಾ ಮಂಡಳಿಯಿಂದ ಹೊರಬಂದರು. ಯಾರನ್ನೂ ಕರೆದಿಲ್ಲ, ತಡೆಯುವುದೂ ಇಲ್ಲ ಎಂಬುದು ರಮಾಬಾಯಿಯ ಸಮರ್ಥನೆ. ಅದು ಪ್ರಾಮಾಣಿಕವೇ ಇರಬಹುದು. ಆದರೂ ಆಶ್ರಯ ಕೊಟ್ಟವಳ ನಂಬಿಕೆ ಆಶ್ರಿತೆಯ ಮೇಲೆ ಬೀರುವ ಒತ್ತಡವನ್ನು ಅದು ಲೆಕ್ಕಕ್ಕೆ ಹಿಡಿಯಲಿಲ್ಲ.