ಮೂರನೇ ದಿನದ ಉಬ್ಬು

ಮೇಕೆಯ ಕತ್ತಿನ ಮೇಲೆ ಒಂದಿಷ್ಟು ಜಾಗದ ಕೂದಲು ತೆಗೆದು, ಅಲ್ಲಿನ ಚರ್ಮದ ದಪ್ಪ ಅಳೆದು, ಟ್ಯೂಬರ್ಕ್ಯುಲಿನ್ ಎಂಬ ದ್ರವವನ್ನು ಚರ್ಮದ ಪದರದೊಳಗೇ ಚುಚ್ಚುತ್ತಾರೆ. 72 ಗಂಟೆ ಕಳೆದ ಮೇಲೆ ಪಶುವೈದ್ಯರು ಬಂದು ಅದೇ ಜಾಗವನ್ನು ಮತ್ತೆ ಅಳೆಯುತ್ತಾರೆ. 4 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಉಬ್ಬಿದ್ದರೆ ಕ್ಷಯವಿದೆ ಎಂದು ಲೆಕ್ಕ. ಜರ್ಮನಿಯ ವೈದ್ಯ ರಾಬರ್ಟ್ ಕಾಕ್ 1890ರಲ್ಲಿ ಕ್ಷಯಕ್ಕೆ ಮದ್ದು ಎಂದು ಪ್ರಕಟಿಸಿದ ದ್ರವದಿಂದ ಬಂದದ್ದೇ ಇದು. ಮದ್ದಾಗಿ ಸೋತಿತು, ಪರೀಕ್ಷೆಯಾಗಿ ಉಳಿಯಿತು.

ಈ ಪರೀಕ್ಷೆ ರೋಗಾಣುವನ್ನು ಹುಡುಕುವುದಿಲ್ಲ. ಅಂಥ ರೋಗಾಣುವಿನ ಪರಿಚಯ ಮೇಕೆಯ ಮೈಗೆ ಹಿಂದೆ ಆಗಿದೆಯೇ ಎಂದಷ್ಟೇ ಕೇಳುತ್ತದೆ. ತಪ್ಪುಗಳೆಲ್ಲ ಹುಟ್ಟುವುದು ಇಲ್ಲಿಯೇ. ಸೋಂಕು ತಗುಲಿ ಕೆಲವೇ ದಿನಗಳಾಗಿದ್ದರೆ ಮೈ ಇನ್ನೂ ಉತ್ತರ ಕೊಡುವುದಿಲ್ಲ. ರೋಗ ಬಲಿತು ಸೊರಗಿದ ಮೇಕೆಗೆ ಉತ್ತರ ಕೊಡುವ ಶಕ್ತಿಯೇ ಇರುವುದಿಲ್ಲ. ಹಿಂಡಿಗೆ ಅತಿ ಹೆಚ್ಚು ರೋಗ ಹಂಚುವ ಮೇಕೆಯೇ ಹೀಗೆ ಪರೀಕ್ಷೆಯಿಂದ ನುಣುಚಿಕೊಳ್ಳಬಹುದು. ಇತ್ತ, ಹಕ್ಕಿಗಳ ಕ್ಷಯದ ರೋಗಾಣು ಅಥವಾ ಕರುಳನ್ನು ಕಾಡುವ ಜೋನ್ಸ್ ಕಾಯಿಲೆಯ ರೋಗಾಣು ಮೈ ಹೊಕ್ಕಿದ್ದರೆ, ಕ್ಷಯವಿಲ್ಲದ ಮೇಕೆಯ ಚರ್ಮವೂ ಉಬ್ಬಬಹುದು. ಇವೆಲ್ಲ ಒಂದೇ ಕುಲದವು.

ಅದಕ್ಕಾಗಿಯೇ ಜೋಡಿ ಪರೀಕ್ಷೆ ಬಂತು. ಒಂದು ಕಡೆ ಮೇಕೆಗೂ ತಗಲುವ ದನದ ಕ್ಷಯದ ಟ್ಯೂಬರ್ಕ್ಯುಲಿನ್, ಇನ್ನೊಂದು ಕಡೆ ಹಕ್ಕಿ ಕ್ಷಯದ್ದು. ಎರಡು ಉಬ್ಬುಗಳನ್ನು ಹೋಲಿಸಿ ತೀರ್ಮಾನ. ಸುಳ್ಳು ಆರೋಪ ಇದರಿಂದ ಕಡಿಮೆಯಾಯಿತು, ನಿಜ. ಆದರೆ ಜೋನ್ಸ್ ಕಾಯಿಲೆಯೂ ಕ್ಷಯವೂ ಒಟ್ಟಿಗೇ ಇರುವ ಮೇಕೆಯಲ್ಲಿ ಎರಡೂ ಉಬ್ಬಿ, ಕ್ಷಯ ಮರೆಯಾಗಬಹುದು. ಜೋನ್ಸ್ ಕಾಯಿಲೆಗೆ ಲಸಿಕೆ ಹಾಕಿಸುವ ಸ್ಪೇನ್‌ನ ಹಾಲು ಮೇಕೆಗಳ ಹಿಂಡುಗಳಲ್ಲಿ ಇದೇ ದೊಡ್ಡ ತೊಡಕು. ರೋಗಾಣುವಿನ ಪರಿಚಯವಿರುವ ರಕ್ತಕಣಗಳು ಹೊರಬಿಡುವ ಇಂಟರ್‌ಫೆರಾನ್ ಗಾಮಾ ಎಂಬ ಪ್ರೋಟೀನನ್ನು ಅಳೆಯುವ ರಕ್ತ ಪರೀಕ್ಷೆಯನ್ನು ಚರ್ಮ ಪರೀಕ್ಷೆಯ ಜೊತೆಗೆ ಮಾಡಿದರೆ ತಪ್ಪಿಸಿಕೊಂಡ ಇನ್ನಷ್ಟು ಮೇಕೆಗಳು ಸಿಗುತ್ತವೆ. ಆದರೆ ಜೀವಕೋಶಗಳು ಸಾಯುವ ಮೊದಲೇ ರಕ್ತ ಪ್ರಯೋಗಾಲಯ ಮುಟ್ಟಬೇಕು. ದೂರದ ಹಟ್ಟಿಗಳಿಗೆ ಇದು ಸುಲಭವಲ್ಲ.

ಇನ್ನೊಂದು ಮಾತನ್ನು ಹಿಂಡಿನ ಒಡೆಯರಿಗೆ ಯಾರಾದರೂ ಬಿಡಿಸಿ ಹೇಳಲೇಬೇಕು. ಒಂದು ಪರೀಕ್ಷೆ 100 ರೋಗಿ ಮೇಕೆಗಳಲ್ಲಿ 80ನ್ನು ಹಿಡಿಯುತ್ತದೆ, 100 ಆರೋಗ್ಯವಂತ ಮೇಕೆಗಳಲ್ಲಿ 98ನ್ನು ಸರಿಯಾಗಿ ಬಿಡುತ್ತದೆ ಎಂದುಕೊಳ್ಳಿ. 1000 ಮೇಕೆಗಳಲ್ಲಿ ಹತ್ತಕ್ಕೆ ಮಾತ್ರ ಕ್ಷಯವಿದ್ದರೆ, ಅದು ಅವುಗಳಲ್ಲಿ ಎಂಟನ್ನು ಹಿಡಿಯುತ್ತದೆ. ಜೊತೆಗೆ ಏನೂ ಆಗದ ಸುಮಾರು 20 ಮೇಕೆಗಳ ಮೇಲೂ ಬೆರಳು ತೋರಿಸುತ್ತದೆ. ಅದೇ ಪರೀಕ್ಷೆಯನ್ನು 100ರಲ್ಲಿ 30ಕ್ಕೆ ರೋಗವಿರುವ ಹಿಂಡಿಗೆ ಮಾಡಿದರೆ, ಸಿಕ್ಕಿಬಿದ್ದ ಹೆಚ್ಚುಕಡಿಮೆ ಎಲ್ಲವೂ ನಿಜವಾದ ರೋಗಿಗಳೇ. ಆದರೂ ಆರು ಹಿಂಡಿನಲ್ಲೇ ಉಳಿದುಬಿಡುತ್ತವೆ. ಆದ್ದರಿಂದ ಒಂದು ಮೇಕೆಯ ವರದಿಯನ್ನು ಅದರ ಹಿಂಡಿನಿಂದ ಬಿಡಿಸಿ ಓದಬಾರದು. ಹಿಂಡಿನಲ್ಲಿ ಸತ್ತ ಮೇಕೆಗಳನ್ನು ಕೊಯ್ದು ನೋಡಿದಾಗ ಶ್ವಾಸಕೋಶದಲ್ಲಿ ಗಂಟುಗಳು ಕಂಡಿದ್ದವೇ, ರೋಗಾಣು ಬೆಳೆಸಿ ನೋಡಿದ್ದಾರೆಯೇ, ಹೊಸ ಮೇಕೆಗಳು ಎಲ್ಲಿಂದ ಬಂದವು ಎಂಬುದೆಲ್ಲ ಆ ವರದಿಯ ಪಕ್ಕದಲ್ಲಿರಬೇಕು. ನಾಲ್ಕೈದು ಮೇಕೆಗಳನ್ನೇ ನಂಬಿದ ಮನೆಗೆ ಒಂದು ತಪ್ಪು ಗುರುತು ಎಂದರೆ ಮಗುವಿನ ಶಾಲೆ ಶುಲ್ಕ ಹೋದಂತೆ. ಅಂಥವರ ಮೇಕೆಯನ್ನು ಕಡಿಯಲು ಹೇಳುವವರು ಮರುಪರೀಕ್ಷೆಯನ್ನೂ ಪರಿಹಾರವನ್ನೂ ಕೊಡಬೇಕು. ಮರುಪರೀಕ್ಷೆಗೂ ಅವಸರ ಸಲ್ಲದು. ಬೇಗ ಚುಚ್ಚಿದರೆ ಚರ್ಮ ಸರಿಯಾಗಿ ಸ್ಪಂದಿಸುವುದಿಲ್ಲ, ವಾರಗಟ್ಟಲೆ ಕಾಯಬೇಕು.

2019ರ ಗಣತಿಯಂತೆ ಭಾರತದಲ್ಲಿ ಸುಮಾರು 14.89 ಕೋಟಿ ಮೇಕೆಗಳಿದ್ದವು. ಡೆಂಗಿ ಜ್ವರದ ದಿನಗಳಲ್ಲಿ ಪ್ಲೇಟ್‌ಲೆಟ್ ಏರುತ್ತದೆಂದು ನಂಬಿ ಅವುಗಳ ಹಾಲನ್ನು ಹಸಿಯಾಗಿಯೇ ಕುಡಿಯುವವರಿದ್ದಾರೆ. ದನದ ಕ್ಷಯದ ರೋಗಾಣು ಆ ಹಾಲಿನಲ್ಲಿಯೂ ಬರಬಹುದು. ಮನುಷ್ಯರ ಕ್ಷಯಕ್ಕೆ ಕೊಡುವ ಮೊದಲ ಸಾಲಿನ ಔಷಧಗಳಲ್ಲಿ ಒಂದಾದ ಪೈರಜಿನಮೈಡ್‌ಗೆ ಅದು ಹುಟ್ಟಿನಿಂದಲೇ ಬಗ್ಗುವುದಿಲ್ಲ. ಹಿಂಡು ಪರೀಕ್ಷೆಯಲ್ಲಿ ಪಾಸಾಗಿದೆ ಎಂದು ಮಾರುವವರು ಹೇಳಿದರೂ ದಯವಿಟ್ಟು ಹಾಲನ್ನು ಕುದಿಸಿಯೇ ಕುಡಿಯಿರಿ.