ಕರಗಕ್ಕೆಂದು ಉಳಿದ ನೀರು

ಚೈತ್ರ ಹುಣ್ಣಿಮೆಯ ರಾತ್ರಿ ಬೆಂಗಳೂರು ಕರಗ ನೋಡಲು ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದ ಮುಂದೆ ಜನಸಾಗರ ಸೇರುತ್ತದೆ. ಅದಕ್ಕೂ ಮುನ್ನ ಹಸಿ ಕರಗವೆಂಬ ಆಚರಣೆ ನಡೆಯುವುದು ಸಂಪಂಗಿ ಕೆರೆಯಲ್ಲಿ. ಕೆರೆ ಎಂಬುದು ಈಗ ಹೆಸರಿಗಷ್ಟೇ. ಆ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿದೆ. ಅದರ ಮಗ್ಗುಲಲ್ಲಿ ಸಣ್ಣದೊಂದು ಕುಂಟೆ ಉಳಿದಿದೆ. ಅಷ್ಟಾದರೂ ಉಳಿದದ್ದು ಕರಗದ ದೆಸೆಯಿಂದ ಎಂದೇ ನಾನು ನಂಬಿದ್ದೇನೆ.

ಪೇಟೆಯ ಸುತ್ತಲಿನ ಕೆರೆಗಳ ನೀರಿನಲ್ಲಿ ಹೂವು, ಸೊಪ್ಪು, ತರಕಾರಿ ಬೆಳೆದವರು ಈ ಕರಗವನ್ನು ನಡೆಸಿಕೊಂಡು ಬಂದ ತಿಗಳರು. ಅವರ ಬದುಕಿನಲ್ಲಿ ತೋಟ, ನೀರು, ದೇವರು ಒಂದರೊಳಗೊಂದು ಬೆರೆತಿದ್ದವು. ಬಿಡಿಸಿಟ್ಟವರು ನಾವು: ಹಳೆಯ ಕಟ್ಟಡಕ್ಕೆ ಒಂದು ಇಲಾಖೆ, ಮರಕ್ಕೆ ಇನ್ನೊಂದು, ಕೆರೆಗೆ ಮತ್ತೊಂದು.

1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಊರಿಗೆ ಬಂತು. ಜನರಿಗೆ ಅದು ದೊಡ್ಡ ಉಪಕಾರವೇ ಆಯಿತು. ಆದರೆ ಕುಡಿಯುವ ನೀರು ದೂರದಿಂದ ಬರತೊಡಗಿದ ಮೇಲೆ ಊರೊಳಗಿನ ಕೆರೆಯ ಹೂಳೆತ್ತುವ, ತೂಬು ನೋಡಿಕೊಳ್ಳುವ ತುರ್ತು ಕರಗುತ್ತಾ ಹೋಯಿತು. ಬತ್ತಿದ ಕೆರೆ ಖಾಲಿ ಜಾಗವಾಗಿ ಕಾಣತೊಡಗಿತು. ಧರ್ಮಾಂಬುಧಿ ಕೆರೆಯ ಅಂಗಳ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಕೋರಮಂಗಲದ ಕೆರೆಯಂಗಳಕ್ಕೆ ರಾಷ್ಟ್ರೀಯ ಕ್ರೀಡಾಗ್ರಾಮ ಬಂತು.

ಕೆರೆಗಿಂತಲೂ ನನ್ನನ್ನು ಹೆಚ್ಚು ಕಾಡುವುದು ರಾಜಕಾಲುವೆಗಳ ಗತಿ. ಬೆಂಗಳೂರಿನ ಮಗ್ಗುಲಲ್ಲಿ ದೊಡ್ಡ ನದಿಯಿಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೂ ಕೆಳಗಿನದಕ್ಕೆ ಹೋಗುವಂತೆ ಹಿಂದಿನವರು ಇಳಿಜಾರು ನೋಡಿ ಕಾಲುವೆ ತೆಗೆದಿದ್ದರು. ಕೋಟೆ, ಗೋಪುರಗಳಷ್ಟೇ ದೊಡ್ಡ ಪರಂಪರೆ ಇದು. ಆದರೆ ಅದನ್ನು ನಾವು ಚರಂಡಿಯೆಂದು ಎಣಿಸಿದೆವು, ಒತ್ತುವರಿಗೆ ಬಿಟ್ಟುಕೊಟ್ಟೆವು. 2022ರ ಸೆಪ್ಟೆಂಬರಿನ ನೆರೆಯಲ್ಲಿ ಬೆಳ್ಳಂದೂರಿನ ಆಸುಪಾಸಿನ ಬಡಾವಣೆಗಳ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದರು. 2024ರ ಬೇಸಿಗೆಯಲ್ಲಿ ಇದೇ ನಗರ ಬತ್ತಿದ ಕೊಳವೆಬಾವಿಗಳ ಮುಂದೆ ಟ್ಯಾಂಕರಿಗಾಗಿ ಕಾದು ನಿಂತಿತು. ಮಳೆ ನೀರು ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ, ಹರಿಯಬೇಕಾದಲ್ಲಿ ಹರಿಯಲಿಲ್ಲ.

ಕೈಚೆಲ್ಲಿ ಕೂರುವ ಹೊತ್ತಲ್ಲ ಇದು. ಜಕ್ಕೂರು ಕೆರೆಯಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ಜೊಂಡು ಬೆಳೆದ ಜೌಗಿನ ಮೂಲಕ ಸೋಸಿ ಕೆರೆ ಸೇರುತ್ತದೆ. ಅಲ್ಲಿ ಮೀನುಗಾರರು ಬಲೆ ಬೀಸುತ್ತಾರೆ, ಹಕ್ಕಿಗಳು ಬರುತ್ತವೆ. ನಾಲ್ಕು ಜನರಿಗೆ ಬೇಕಾದ ಕೆರೆಯನ್ನು ಕಾಯಲು ನಾಲ್ಕು ಜನ ಇರುತ್ತಾರೆ.

ಸಂಪಂಗಿಯ ವಿಷಯದಲ್ಲಿ ಕ್ರೀಡಾಂಗಣ ಕೆಡವಿ ಎಂದು ಯಾರೂ ಕೇಳುತ್ತಿಲ್ಲ. ಅದರ ಛಾವಣಿಯ ಮೇಲೆ ಬಿದ್ದ ಮಳೆಯನ್ನು ಸೋಸಿ, ಪಕ್ಕದ ಕುಂಟೆಗೆ ಹರಿಸಲು ಎಂಜಿನಿಯರುಗಳಿಗೆ ಎಷ್ಟು ಹೊತ್ತು ಬೇಕು? ಮುಂದಿನ ಮುಂಗಾರಿಗೆ ಮುನ್ನ ನಗರಾಡಳಿತ ಈ ಒಂದು ಕೆಲಸಕ್ಕೆ ಕೈಹಾಕಲಿ. ಹಾಗೆಯೇ, ಹಳೆಯ ಸರ್ವೆ ನಕ್ಷೆಗಳಲ್ಲಿರುವ ಪ್ರತಿಯೊಂದು ರಾಜಕಾಲುವೆಯನ್ನೂ ಪಾರಂಪರಿಕ ತಾಣಗಳ ಪಟ್ಟಿಗೆ ಸೇರಿಸಲಿ.