ಸಲಹೆಗಾರನ ಸೋಲು

ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಫೈಲುಗಳಿಗೆ ಟಿಪ್ಪಣಿ ಬರೆಯುವುದು ನಮ್ಮ ಉದ್ಯೋಗ. ಹಿಂದೊಮ್ಮೆ ವಸತಿಗೃಹಗಳ ದುರಸ್ತಿಗೆಂದು ಬಂದ ಹಣ ಎಲ್ಲ ಮನೆಗಳಿಗೂ ಸಾಲದಾಯಿತು. ಮೊದಲು ಅಧಿಕಾರಿಗಳ ಮನೆಗಳಾಗಲಿ ಎಂದು ನಾವು ಬರೆದೆವು; ತಮ್ಮ ಮನೆ ಸೋರುತ್ತಿದೆಯೆಂದು ಸಫಾಯಿ ಕೆಲಸಗಾರರು ಕೊಟ್ಟಿದ್ದ ಅರ್ಜಿಯನ್ನು ಫೈಲಿನ ತಳಕ್ಕೆ ಸೇರಿಸಿದೆವು. ಸಾಹೇಬರು ತಳದ ಹಾಳೆಯನ್ನೂ ಓದಿದರು. ನಮ್ಮ ಸಲಹೆ ಬಿದ್ದುಹೋಯಿತು. ಸಂಜೆ ಪವಾಯಿಗೆ ಮರಳುವಾಗ ಬಸ್ಸಿನಲ್ಲಿ ಅವಮಾನ ಮನಸ್ಸನ್ನು ಕೊರೆಯುತ್ತಿತ್ತು. ಸಲಹೆ ಕೊಡುವವನಿಗೆ ಅದು ನಡೆಯಲೇಬೇಕೆಂಬ ಹಕ್ಕಿದೆಯೇ?

ಆಗ ನೆನಪಾದವರು ಸರ್ ಎಂ. ವಿಶ್ವೇಶ್ವರಯ್ಯನವರು. ನಮ್ಮ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದ ಅವರು 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರರಾದರು. ಕನ್ನಂಬಾಡಿ ಕಟ್ಟೆಯ ಯೋಜನೆಗೆ, ಖರ್ಚು ಬಹಳವಾಯಿತೆಂದು ಹಣಕಾಸಿನವರು ಅಡ್ಡ ಮಾತಾಡಿದರು. ವಿಶ್ವೇಶ್ವರಯ್ಯನವರು ಬಿಡದೆ ವಾದಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿದರು. 1911ರಲ್ಲಿ ಕೆಲಸ ಆರಂಭವಾಯಿತು. ಮಂಡ್ಯದ ಗದ್ದೆಗಳು ಇಂದಿಗೂ ಆ ಗೆಲುವಿಗೆ ಸಾಕ್ಷಿ.

ಮರು ವರ್ಷ ಅವರೇ ದಿವಾನರಾದರು. ಆದರೆ 1918ರಲ್ಲಿ ಬೇರೊಂದು ಪ್ರಶ್ನೆ ಬಂತು. ಸರಕಾರಿ ಹುದ್ದೆಗಳಲ್ಲಿ ಬಹುಪಾಲು ಬ್ರಾಹ್ಮಣರೇ ಇದ್ದಾರೆ, ನಮಗೂ ಅವಕಾಶ ಬೇಕೆಂದು ಪ್ರಜಾಮಿತ್ರ ಮಂಡಳಿಯವರು ಮಹಾರಾಜರಲ್ಲಿ ಬಿನ್ನವಿಸಿದರು. ಯೋಗ್ಯತೆಯೇ ಅಳತೆಗೋಲಾಗಬೇಕು, ಇಲ್ಲವಾದರೆ ಆಡಳಿತ ಸಡಿಲವಾದೀತು ಎಂಬುದು ದಿವಾನರ ನಿಲುವು. ಮಹಾರಾಜರು ಈ ಸಲ ಅವರ ಮಾತಿಗೆ ಒಪ್ಪದೆ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ದಿವಾನರು ಅಧಿಕಾರ ಬಿಟ್ಟರು. 1919ರಲ್ಲಿ ಸಮಿತಿಯ ವರದಿ ಬಂತು; 1921ರಲ್ಲಿ ಸರಕಾರದ ಆಜ್ಞೆಯೂ ಹೊರಟಿತು.

ಸಲಹೆಗಾರ ಅದೇ, ಪ್ರಾಮಾಣಿಕತೆಯೂ ಅದೇ. ಕಟ್ಟೆಯ ವಿಷಯದಲ್ಲಿ ಅವರಿಗೆ ದೂರದೃಷ್ಟಿಯಿತ್ತು. ಹುದ್ದೆಗಳ ವಿಷಯದಲ್ಲಿ ಮಹಾರಾಜರು ಅವರಿಗಿಂತ ದೂರ ಕಂಡರೆಂದೇ ನಮ್ಮ ಅನಿಸಿಕೆ. ಮೇಧಾವಿಯಾದರೂ ಒಬ್ಬನಿಗೆ ಎಲ್ಲವೂ ಕಾಣದು. ಆದ್ದರಿಂದ ಮಂತ್ರಿಗಳು, ಸಲಹೆಗಾರರು ತಮ್ಮಲ್ಲೇ ಪೈಪೋಟಿ ನಡೆಸುವುದು ದೋಷವಲ್ಲ. ಅವರ ಗದ್ದಲದಲ್ಲಿ ಬಾಗಿಲ ಹೊರಗೆ ನಿಂತವನ ಅರ್ಜಿ ಒಳಗೆ ತಲುಪದಿರುವುದು ದೋಷ.

ದಿವಾನಗಿರಿ ಹೋದ ಮೇಲೂ ವಿಶ್ವೇಶ್ವರಯ್ಯನವರು ಹಗೆ ಸಾಧಿಸಲಿಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕಷ್ಟದಲ್ಲಿದ್ದಾಗ ಮೈಸೂರು ಕರೆಯಿತು. ಅವರು ಹೋಗಿ ಅದರ ಹೊಣೆ ಹೊತ್ತರು.

ಅವರು ತಮ್ಮ ವಾದವನ್ನು ಎದುರಿಗೇ ಹೇಳಿ ಸೋತರು. ನಾವಾದರೋ ಎದುರು ವಾದವನ್ನೇ ಬಚ್ಚಿಟ್ಟು ಗೆಲ್ಲಲು ನೋಡಿದ್ದೆವು. ನಾಚಿಕೆಪಡಬೇಕಾದದ್ದು ಸೋತದ್ದಕ್ಕಲ್ಲ, ಅದಕ್ಕೆ. ಈಗ ಟಿಪ್ಪಣಿ ಬರೆಯುವ ಮುನ್ನ ತಳದ ಹಾಳೆಯನ್ನು ತೆಗೆದು ಮೇಲಿಡುತ್ತೇವೆ. ನಮ್ಮ ಸಲಹೆ ಆಗಾಗ ಬಿದ್ದುಹೋಗುತ್ತದೆ. ಆದರೆ ಬಸ್ಸಿನಲ್ಲಿ ಕೂತಾಗ ಮನಸ್ಸು ಹಗುರವಾಗಿರುತ್ತದೆ.